ಇಳಾ ಮಡಿಯಲ್ಲಿದ್ದ ಮಳೆಗಾಲ

ಜೂನ್ ಎರಡನೇ ವಾರ ಕಳೆದ ಮೇಲೆ ಮಂಗಳೂರಿನಲ್ಲಿ ಒಗೆದ ಬಟ್ಟೆ ಒಣಗುತ್ತದೆ ಎಂದು ನಂಬುವುದು ಒಂದು ಬಗೆಯ ಆಸ್ತಿಕತೆ. ನಾನು ಆಸ್ತಿಕ. ಮೊನ್ನೆ ಬೆಳಿಗ್ಗೆ ಹಿಂದಿನ ಕೋಣೆಯ ಎತ್ತರದ ಹಗ್ಗದಿಂದ ಪಂಚೆಯನ್ನು ಕೋಲಿನಲ್ಲಿ ಇಳಿಸಿಕೊಂಡು ಮೂಗಿಗೆ ಹಿಡಿದೆ. ಹತ್ತಿ, ಸಾಬೂನು, ಗಂಧ, ಅವುಗಳ ಅಡಿಯಲ್ಲಿ ಕೆರೆಯ ಅಂಚಿನಂಥದೊಂದು ತಂಪು. ಎರಡು ದಿನ ಹಗ್ಗದ ಮೇಲೆ ತಪಸ್ಸು ಮಾಡಿಯೂ ಅರ್ಧವೇ ಒಣಗಿದ ಬಟ್ಟೆಯ ವಾಸನೆ. ಏಳು ವರ್ಷ ಹಿಂದಿನ ಒಂದು ಮಳೆಗಾಲ ಅದರೊಳಗಿಂದ ಎದ್ದು ಬಂದು ನನ್ನೆದುರು ನಿಂತಿತು. ಎತ್ತರ ಮೂರು ಅಡಿ ಚಿಲ್ಲರೆ. ಹೆಗಲ ಮೇಲೊಂದು ಬೈರಾಸು, ಮೈ ಒರೆಸುವ ತುಂಡುಬಟ್ಟೆ.

ಆ ವರ್ಷ ನನ್ನ ಮಗಳು ವಿದ್ಯಾ, ಗಂಡನನ್ನು ಮಸ್ಕತ್ತಿನ ಕೆಲಸದಲ್ಲಿ ಬಿಟ್ಟು, ಐದೂವರೆ ವರ್ಷದ ಇಳಾಳನ್ನು ಕರೆದುಕೊಂಡು ದೇರೆಬೈಲಿನ ನಮ್ಮ ಮನೆಗೆ ಬಂದಳು. ಮಗು ಇಲ್ಲಿಯ ಶಾಲೆಗೆ, ತಾಯಿ ಉರ್ವದ ಒಂದು ಕಚೇರಿಗೆ. ನಮ್ಮ ಮನೆಮಾತು ತುಳು. ಆದರೆ ಶಾಲೆಯಲ್ಲಿ ಮಗುವಿಗೆ ಕಷ್ಟವಾಗದಿರಲಿ ಎಂದು ಆ ಮಳೆಗಾಲ ಮನೆಯೊಳಗೆ ಕನ್ನಡವೇ ಎಂಬ ಠರಾವು ಪಾಸಾಯಿತು. ಮಂಡಿಸಿದವನು ನಾನು, ಅನುಮೋದಿಸಿದವನೂ ನಾನು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನ ಮನೆಯಲ್ಲಿ ಸಭೆಗಳು ಹಾಗೆಯೇ ನಡೆಯುತ್ತವೆ.

ನನ್ನ ಅಪ್ಪ, ಅಜ್ಜ ದೇವಸ್ಥಾನದ ಅರ್ಚಕರು. ನಾನು ಸೀಮೆಸುಣ್ಣ ಹಿಡಿದರೂ ಬೆಳಗಿನ ಪೂಜೆಯನ್ನು, ಅದರ ಮಡಿಯನ್ನು ಬಿಡಲಿಲ್ಲ. ಸ್ನಾನ ಮಾಡಿ, ಯಾರೂ ಮುಟ್ಟದ ಬಟ್ಟೆ ಉಟ್ಟು, ಪೂಜೆ ಮುಗಿಯುವ ತನಕ ಯಾರನ್ನೂ ಮುಟ್ಟದೆ, ಯಾರಿಂದಲೂ ಮುಟ್ಟಿಸಿಕೊಳ್ಳದೆ ಇರುವುದು ಮಡಿ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಬೇರೆ ಬಟ್ಟೆ. ಮಳೆಗಾಲದಲ್ಲಿ ಆ ಬೇರೆ ಬಟ್ಟೆ ಎಲ್ಲಿಂದ ಬರಬೇಕು ಎಂಬುದು ಶಾಸ್ತ್ರಕಾರರು ವಿಚಾರಿಸದೆ ಬಿಟ್ಟ ವಿಷಯ.

ಇಳಾ ಬಂದ ಮಾರನೆಯ ಬೆಳಿಗ್ಗೆ, ನಾನು ದೇವರ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಾಗ, ಹಾಸಿಗೆಯಿಂದ ಎದ್ದವಳೇ "ಅಜ್ಜಾ" ಎಂದು ಓಡಿ ಬಂದಳು. ನನ್ನ ಬಾಯಿಂದ ಹೊರಟದ್ದು ಶಾಲೆಯ ಮೈದಾನದ ಆ ತುದಿಯಲ್ಲಿದ್ದವರನ್ನೂ ನಿಲ್ಲಿಸುತ್ತಿದ್ದ ಧ್ವನಿ.

"ಮುಟ್ಬೇಡ!"

ಮಗು ನಿಂತಿತು. ಅಡುಗೆಮನೆಯಿಂದ ವಿದ್ಯಾ ಬಂದಳು.

"ಅಪ್ಪ, ಇದು ಶಾಲೆಯ ಅಸೆಂಬ್ಲಿ ಅಲ್ಲ. ಬೊಬ್ಬೆ ಹಾಕಿದ್ರೆ ಅವಳಿಗೆ ಬೊಬ್ಬೆ ಮಾತ್ರ ಕೇಳ್ತದೆ, ಮಾತು ಕೇಳುವುದಿಲ್ಲ. ಕೂತ್ಕೊಂಡು, ಮುಖ ನೋಡಿ, ಎಂತಕ್ಕೆ ಅಂತ ಹೇಳಿ."

"ಎಂತಕ್ಕೆ ಅಂತ ಮಕ್ಕಳಿಗೆಲ್ಲ ಹೇಳ್ಲಿಕ್ಕುಂಟಾ?"

"ಉಂಟು."

ಇದು ಆ ಮನೆಯಲ್ಲಿ ನಾನು ಮಂಡಿಸದೆ ಪಾಸಾದ ಮೊದಲ ಠರಾವು. ಎರಡೂ ಮೊಣಕಾಲುಗಳ ಪ್ರತಿಭಟನೆಯ ನಡುವೆ ಹೊಸ್ತಿಲ ಒಳಗೆ ನೆಲದ ಮೇಲೆ ಕೂತೆ. ಮಗುವಿನ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಆ ಎತ್ತರದಿಂದ ನನ್ನ ಸ್ವಂತ ಮನೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೇಜಿನ ಅಡಿಭಾಗ ಕಾಣುತ್ತಿತ್ತು.

"ನಾನೀಗ ಮಡಿ. ಪೂಜೆ ಮುಗಿಯುವವರೆಗೆ ನನ್ನನ್ನು ಯಾರೂ ಮುಟ್ಟಬಾರದು," ಎಂದೆ.

"ನಾನು ಗಲೀಜಾ?" ಎಂದು ಕೇಳಿದಳು ಇಳಾ.

ಹೊರಗೆ ಮಳೆ ತಗ್ಗಿ ಮತ್ತೆ ಏರಿತು. ಈ ಪ್ರಶ್ನೆಯನ್ನು ನಮ್ಮ ಮಡಿಯ ಎದುರು, ಅಂಗಳದಾಚೆ, ಬೇಲಿಯಾಚೆ, ಎಷ್ಟು ಜನ ಎಷ್ಟು ಕಾಲ ನುಂಗಿಕೊಂಡು ನಿಂತಿದ್ದರೋ. ನನ್ನ ಹಿರಿಯರು ಅವರಿಗೆ ಉತ್ತರ ಕೊಟ್ಟವರಲ್ಲ. ನಾನು ಯಾವ ಗ್ರಂಥದಲ್ಲಿಯೂ ಇಲ್ಲದ ಒಂದನ್ನು ಆಗಿಂದಾಗಲೇ ಕಟ್ಟಿದೆ.

"ಅಲ್ಲ ಮಗಾ. ಸ್ವಲ್ಪ ಹೊತ್ತು ನನ್ನನ್ನು ನನ್ನಷ್ಟಕ್ಕೆ ಬಿಡಬೇಕು, ಅಷ್ಟೇ. ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಮುಗಿದ ಕೂಡಲೇ ನಾನೇ ಕರೀತೇನೆ."

ಅವಳು ಅದನ್ನು ಬಾಯಲ್ಲಿ ಇಟ್ಟು ಚೀಪಿದ ಹಾಗೆ ಯೋಚಿಸಿದಳು. "ಅಲ್ಲಿವರೆಗೆ ನಾನು ಎಲ್ಲಿ ನಿಲ್ಲುವುದು?"

ಇಬ್ಬರೂ ಸೇರಿ ಅಳತೆ ಮಾಡಿದೆವು. ಹೊಸ್ತಿಲಿನಿಂದ ಮೂರನೆಯ ಟೈಲ್ಸು, ಹಲ್ಲಿಯ ಬಾಲದಂತೆ ಬಿರುಕು ಬಿಟ್ಟದ್ದು. "ಅದು ನನ್ನದು," ಎಂದು ಹೋಗಿ ನಿಂತಳು. ಗಡಿ ಗುರುತಿಸುವ ಕೆಲಸ ಒಂದು ತೊಟ್ಟು ಕಣ್ಣೀರಿಲ್ಲದೆ ಮುಗಿಯಿತು.

ಆ ದಿನದಿಂದ ಬೆಳಗಿನ ನಮ್ಮ ಮಾತುಕತೆ ಶುರುವಾಯಿತು. ನಾನು ಗಂಧ ತೇಯುತ್ತಿದ್ದೆ, ಅವಳು ತನ್ನ ಟೈಲ್ಸಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ರಾತ್ರಿಯ ಕನಸು ಹೇಳುತ್ತಿದ್ದಳು. ಬೂದು ಬಣ್ಣದ ಬೆಳಕು, ಮಾಡಿನಿಂದ ಒಂದೇ ಸಮನೆ ನೀರು, ಕಲ್ಲಿನ ಮೇಲೆ ಕೊರಡಿನ ಸರಸರ. ಅದರ ನಡುವೆ ಆ ಎಳೆಯ ಕನ್ನಡ.

"ನಿನ್ನೆ ಸಮುದ್ರ ನಮ್ಮ ಬಸ್‌ಸ್ಟ್ಯಾಂಡಿಗೆ ಬಂದಿತ್ತು, ಅಜ್ಜ."

"ಎಂತಕ್ಕೆ?"

"ಉರ್ವಕ್ಕೆ ಹೋಗ್ಲಿಕ್ಕೆ. ಕಂಡಕ್ಟರ್ ಹತ್ತಿಸಲಿಲ್ಲ."

"ಯಾಕಂತೆ?"

"ಒದ್ದೆ ಅಂತ."

ಇನ್ನೊಂದು ದಿನ ನನ್ನ ಪಂಚೆ ಹಗ್ಗ ಬಿಟ್ಟು ಹಾರಿ, ಉರ್ವ ಮಾರ್ಕೆಟಿನ ಮೇಲೆ ಮೂರು ಸುತ್ತು ಹೊಡೆದು, ಮೀನಿನ ಹೆಂಗಸರಿಗೆಲ್ಲ ನೆರಳು ಕೊಟ್ಟು ಬಂದಿತ್ತಂತೆ. ಅದರ ಮಡಿಯ ಗತಿ ಏನಾಯಿತು ಎಂದು ನಾನು ಗಂಭೀರವಾಗಿ ವಿಚಾರಿಸಿದೆ. ಆಕಾಶದಲ್ಲಿ ಯಾರೂ ಮುಟ್ಟುವುದಿಲ್ಲ ಎಂಬ ಸಮಾಧಾನ ಸಿಕ್ಕಿತು. ಪೂಜೆಗೆ ಕೂರುವ ಹೊತ್ತಿನಲ್ಲಿ ನನಗೆ ದೇವರಿಗಿಂತ ಮೊದಲು ಆ ಟೈಲ್ಸಿನ ನೆನಪಾಗುತ್ತಿತ್ತು. ಇದನ್ನು ದೇವರಿಗೆ ಹೇಳಿದ್ದೇನೆ, ಆಕ್ಷೇಪಣೆ ಬಂದಿಲ್ಲ.

ಜುಲೈ ಶುರುವಿನಲ್ಲಿ ಇಳಾ ತಾನೂ ಮಡಿಯಾದಳು. ದುಂಡು ಕೆನ್ನೆಯ ಮಗು, ಬಂದವರೆಲ್ಲ ಹಿಂಡುತ್ತಿದ್ದರು. ಒಂದು ಸಂಜೆ ಪಕ್ಕದ ಮನೆಯಾಕೆ ಕೈ ಚಾಚುವ ಹೊತ್ತಿಗೆ, ಇವಳು ನನ್ನ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಬಿರುಕಿನ ಟೈಲ್ಸಿನ ಮೇಲೆ ನಿಂತು ಘೋಷಿಸಿದಳು: "ನಾನೀಗ ಮಡಿ. ಪ್ರೀತಿ ಇಲ್ಲ ಅಂತಲ್ಲ. ಮುಗಿದ ಮೇಲೆ ನಾನೇ ಕರೀತೇನೆ."

ಆ ಹೆಂಗಸು ನಗುತ್ತಾ ಕೈ ಹಿಂದೆ ತೆಗೆದುಕೊಂಡರು. ಮುಂದೆ ಮಡಿ ವಿಸ್ತರಿಸುತ್ತಾ ಹೋಯಿತು. ಚಿತ್ರ ಬಿಡಿಸುವಾಗ ಮಡಿ, ಸಿಟ್ಟು ಬಂದಾಗ ಮಡಿ. ಒಂದು ಬೆಳಿಗ್ಗೆ ಬ್ರಷ್ ಹಿಡಿದು ನಿಂತ ತಾಯಿಗೂ ಬೈರಾಸು ತೋರಿಸಿದಳು.

"ಹಲ್ಲುಜ್ಜದವರಿಗೆ ಮಡಿ ಇಲ್ಲ ಮಾರಾಯ್ತಿ," ಎಂದಳು ವಿದ್ಯಾ. "ನಿನಗೆ ಬೇಜಾರು ಅಂತ ಗೊತ್ತುಂಟು. ಆದರೂ ಉಜ್ಜಬೇಕು. ನೀನೇ ಉಜ್ಜುತ್ತೀಯಾ, ನಾನು ಉಜ್ಜಲಾ, ಅಷ್ಟು ಮಾತ್ರ ನಿನ್ನ ಇಷ್ಟ. ಬೇಕಾದ್ರೆ ಅಜ್ಜನ ಹತ್ರ ಕೇಳು."

ಅಪೀಲು ನನ್ನ ಮುಂದೆ ಬಂತು. ಕಡತ ಪರಿಶೀಲಿಸಿ, ಕೆಳಗಿನ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿದೆ. ಇಳಾ ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ತಾನೇ ಉಜ್ಜಿದಳು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದುದನ್ನು ಕೆಡಿಸಿದವನು ನಾನು.

ಕಾಟಿಪಳ್ಳದ ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಪುರೋಹಿತರು, ನನಗಿಂತ ನಾಲ್ಕು ವರ್ಷ ಹಿರಿಯರು. ದೊಡ್ಡ ಧ್ವನಿ, ದೊಡ್ಡ ಅಂಗೈ, ದೊಡ್ಡ ಮನಸ್ಸು. ನೆಂಟರಿಷ್ಟರ ಮಕ್ಕಳನ್ನೆಲ್ಲ ತಾರಸಿಗೆ ತಲೆ ತಾಗುವಷ್ಟು ಎತ್ತಿ, ಇಳಿಸುವಾಗ ಕೆನ್ನೆ ಕೆಂಪಾಗುವಷ್ಟು ಹಿಂಡುವುದು ಅವರ ಆಶೀರ್ವಾದದ ಕ್ರಮ. ಅವರಿಗೆ ಬೇಡ ಎಂದವರನ್ನು ನಮ್ಮ ಕುಟುಂಬದಲ್ಲಿ ನಾನು ಕಂಡಿರಲಿಲ್ಲ. ನನ್ನ ಮದುವೆಯ ಮಂತ್ರ ಹೇಳಿದವರೂ ಅವರೇ. ಆಗಲೂ ನಾನು ಬೇಡ ಎನ್ನಲಿಲ್ಲ.

ಒಂದು ಶನಿವಾರ ಭಾವ ಹಲಸಿನ ಹಪ್ಪಳದ ಕಟ್ಟು ಹಿಡಿದು ಬಂದರು. ಜಗಲಿಯಲ್ಲಿ ಕಾಫಿ ಕೊಡುತ್ತಾ ನಾನು, ಒಂದು ಸ್ವಾರಸ್ಯಕ್ಕಾಗಿ, ಹೇಳಿದೆ: "ನಮ್ಮಲ್ಲಿ ಹೊಸ ಮಡಿವಂತರು ಬಂದಿದ್ದಾರೆ ಭಾವ, ಪರೀಕ್ಷೆ ಮಾಡಿ ನೋಡಿ." ಭಾವ ಒಳಗೆ ಬಂದರು. ಇಳಾ ಬೈರಾಸು ಹೊದ್ದು ತನ್ನ ಟೈಲ್ಸಿನ ಮೇಲೆ ನಿಂತಳು.

"ನಾನು ಮಡಿ. ಮುಟ್ಟಬೇಡಿ."

ಭಾವ ನಕ್ಕರು. ನನ್ನ ಹೆಂಡತಿ ನಕ್ಕಳು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಭಾವ ಅವಳನ್ನು ಎತ್ತಿದರು, ತಾರಸಿ ತೋರಿಸಿದರು, ಕೆನ್ನೆ ಹಿಂಡಿದರು. ಬೈರಾಸು ಕೆಳಗೆ ಬಿತ್ತು. "ಇರಲಿ ಮಗಾ, ನಮ್ಮ ಕಾಟಿಪಳ್ಳದ ಅಜ್ಜ ಅಲ್ವಾ," ಎಂದೆ ನಾನು. ಮಗು ಅಳಲಿಲ್ಲ. ಮೇಲಿನಿಂದ ನನ್ನನ್ನು ನೋಡಿತು. ವಿದ್ಯಾ ಆಗ ಕಚೇರಿಯಲ್ಲಿದ್ದಳು.

ಮಾರನೆಯ ಬೆಳಿಗ್ಗೆ ನಾನು ಪೂಜೆಗೆ ಕೂತಿದ್ದಾಗ ಬೆನ್ನ ಮೇಲೆ ಏನೋ ತಣ್ಣಗೆ ತಾಗಿತು. ಒಂದು ಪುಟ್ಟ ಅಂಗೈ. ಐದೂ ಬೆರಳು ಅಗಲಿಸಿ, ಒತ್ತಿ ಇಟ್ಟದ್ದು. ಮತ್ತೆ ಆ ಮೈದಾನದ ಧ್ವನಿ ನನ್ನಿಂದ ಹೊರಟಿತು.

"ಮುಟ್ಬೇಡ ಅಂತ ಹೇಳಿದ್ದಲ್ವಾ!"

"ನಾನೂ ಹೇಳಿದ್ದೆ," ಎಂದಳು ಇಳಾ.

ಹಾಗೆಂದು ತನ್ನ ಟೈಲ್ಸಿನ ಮೇಲೂ ನಿಲ್ಲದೆ ಹೊರಟುಹೋದಳು.

ಮುಂದಿನ ದಿನಗಳು ಮಳೆಯವೇ, ಆದರೆ ಸದ್ದು ಬೇರೆ. ಗಂಧ ತೇಯುವಾಗ ಕಲ್ಲಿನ ಸರಸರ ಮಾತ್ರ. ಇಳಾ ಒರಟಾಗಿ ನಡೆದುಕೊಳ್ಳಲಿಲ್ಲ. ಊಟಕ್ಕೆ ಬಾ ಎಂದರೆ ಬಂದಳು, ಚಪ್ಪಲಿ ಬದಿಗಿಡು ಎಂದರೆ ಇಟ್ಟಳು. ನಾನು ಒಂದು ದಿನ ತಡೆಯಲಾರದೆ ಕೇಳಿದೆ.

"ಕನಸು ಬೀಳುವುದಿಲ್ಲವಾ ಈಗ?"

"ಬೀಳ್ತದೆ."

"ಹೇಳುವುದಿಲ್ಲವಾ?"

"ಇಲ್ಲ."

ಬಹಳ ಮರ್ಯಾದೆಯಿಂದ ಹೇಳಿದಳು. ಇಡೀ ಶಾಲೆಯನ್ನು ಸಾಲಿನಲ್ಲಿ ನಿಲ್ಲಿಸಿದವನಿಗೆ ಆ ಎರಡಕ್ಷರವನ್ನು ದಾಟಿ ಹೋಗಲಾಗಲಿಲ್ಲ. ಒಳಗೆಲ್ಲೋ ಸಮುದ್ರ ಬಸ್ಸು ಹತ್ತುತ್ತಿದೆ, ಪಂಚೆಗಳು ಹಾರುತ್ತಿವೆ. ನನಗೆ ಮಾತ್ರ ವರದಿ ಇಲ್ಲ.

ವಿಷಯ ತಿಳಿದ ವಿದ್ಯಾ ಅಕ್ಕಿ ಆರಿಸುತ್ತಾ ಕೇಳಿದಳು: "ಅವಳ ಹತ್ರ ತಪ್ಪಾಯಿತು ಅಂತ ಹೇಳಿದ್ರಾ?"

"ಐದು ವರ್ಷದ ಮಗುವಿನ ಹತ್ರವಾ?"

"ತಪ್ಪು ಅರುವತ್ತೆರಡು ವರ್ಷದವರದ್ದಲ್ವಾ ಅಪ್ಪ."

ಸರ್ವಿಸ್ಸಿನಲ್ಲಿ ನಾನು ಮಕ್ಕಳಿಂದ ಪಡೆದ ತಪ್ಪೊಪ್ಪಿಗೆ ಪತ್ರಗಳಿಗೆ ಲೆಕ್ಕವಿಲ್ಲ. ಒಕ್ಕಣೆ ನನಗೆ ಬಾಯಿಪಾಠ. ಆದರೂ ಎರಡು ದಿನ ಅಭ್ಯಾಸ ಬೇಕಾಯಿತು. ಮೂರನೆಯ ದಿನ, ಪೂಜೆ ಮುಗಿಸಿ, ನಾನೇ ಹೋಗಿ ಬಿರುಕಿನ ಟೈಲ್ಸಿನ ಪಕ್ಕದಲ್ಲಿ ಕೂತೆ. ಅವಳು ಚಿತ್ರ ಬಿಡಿಸುತ್ತಿದ್ದಳು.

"ಇಳಾ, ಆ ದಿನ ನಾನು ನಗಬಾರದಿತ್ತು. ನೀನು ಬೇಡ ಅಂದಾಗ ಅವರಿಗೆ ನಾನೇ ಹೇಳಬೇಕಿತ್ತು. ತಪ್ಪಾಯಿತು."

ಬಣ್ಣದ ಕಡ್ಡಿ ನಿಂತಿತು.

"ಇನ್ನೊಂದು ಮಾತು," ಎಂದೆ. "ನೀನು ಪೂಜೆಯಲ್ಲಿ ಬಂದು ಮುಟ್ಟಿದ್ದೂ ಸರಿಯಲ್ಲ. ಸಿಟ್ಟು ಬರಲಿ, ಬಂದು ಹೇಳು, ನಾನು ಕೇಳ್ತೇನೆ. ಮುಟ್ಟುವುದು ಬೇಡ."

"ಆಯ್ತು." ಸ್ವಲ್ಪ ಯೋಚಿಸಿ ಕೇಳಿದಳು: "ಇನ್ನೊಮ್ಮೆ ಕಾಟಿಪಳ್ಳದ ಅಜ್ಜ ಬಂದ್ರೆ?"

"ನಾನು ಬೇಡ ಅಂತ ಹೇಳ್ತೇನೆ."

"ನೋಡುವ," ಎಂದು ಮತ್ತೆ ಚಿತ್ರಕ್ಕೆ ಬಗ್ಗಿದಳು. ನನ್ನ ತಪ್ಪೊಪ್ಪಿಗೆ ಸ್ವೀಕೃತವಾಗಿತ್ತು, ಮಂಜೂರಾಗಿರಲಿಲ್ಲ.

ಭಾವನಿಗೆ ಫೋನಿನಲ್ಲಿಯೇ ಹೇಳಿ ಮುಗಿಸೋಣ ಎಂದು ಎರಡು ಸಲ ಪ್ರಯತ್ನಿಸಿದೆ. ಒಮ್ಮೆ ಮಳೆಯ ಬಗ್ಗೆ ಮಾತಾಡಿದೆವು. ಇನ್ನೊಮ್ಮೆ ಮಳೆ ಇನ್ನೂ ಹೆಚ್ಚಾದುದರ ಬಗ್ಗೆ.

ತುಳುವರ ಕಡುಮಳೆಯ ತಿಂಗಳು, ಆಟಿ, ಬಂತು. ಬೆಳಗಾಯಿತೋ ಇಲ್ಲವೋ ತಿಳಿಯದಂಥ ಬೆಳಗುಗಳು. ಅಂಥ ಒಂದರಲ್ಲಿ, ನಾನು ಮಡಿಯುಟ್ಟು ಗಂಧ ತೇಯುತ್ತಿದ್ದಾಗ, ಗೇಟು ಕಿರುಗುಟ್ಟಿತು. ಭಾವ. ತಲೆಗೆ ಪ್ಲಾಸ್ಟಿಕ್ ಚೀಲ, ಕೈಯಲ್ಲಿ ಪತ್ರೊಡೆಗೆಂದು ಕೆಸುವಿನ ಎಲೆಯ ದೊಡ್ಡ ಕಟ್ಟು. ಕಟ್ಟನ್ನು ತಂಗಿಯ ಕೈಗೆ ಕೊಟ್ಟು ಒಳಗೆ ಬಂದೇಬಿಟ್ಟರು. ಇಳಾ ಎಲ್ಲಿಂದಲೋ ಬೈರಾಸು ಎಳೆದುಕೊಂಡು, ಬಹಳ ದಿನಗಳ ಮೇಲೆ, ತನ್ನ ಟೈಲ್ಸಿನ ಮೇಲೆ ನಿಂತಿದ್ದಳು.

"ನಾನು ಮಡಿ," ಎಂದಳು. ಧ್ವನಿ ಸಣ್ಣದಾಗಿತ್ತು.

"ಓಹೋ, ಇಡೆ ಬಲ ಬಾಲೆ, ಇಲ್ಲಿ ಬಾ, ನಿನ್ನ ಮಡಿ ಎಷ್ಟು ತೂಕ ಉಂಟು ನೋಡುವ," ಎನ್ನುತ್ತಾ ಭಾವ ಎರಡೂ ಕೈ ಚಾಚಿ ಮುಂದೆ ಬಂದರು.

ಅವಳು ಅವರನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ನಾನು ಬಾಯಿ ತೆರೆದೆ. ಆ ಮೈದಾನದ ಧ್ವನಿ, ಬೇಡದಾಗಲೆಲ್ಲ ಬರುವ ಅದು, ಬೇಕಾದಾಗ ಬರಲಿಲ್ಲ. ಕಾಲು ಎದ್ದಿತು. ಹೊಸ್ತಿಲು ದಾಟಿದೆ, ಒಂದು ಟೈಲ್ಸು, ಎರಡು. ಭಾವನ ಎರಡೂ ಮಣಿಕಟ್ಟುಗಳನ್ನು ಹಿಡಿದುಕೊಂಡೆ. ತೋಯ್ದ ಅಂಗಿಯ ತೋಳು, ಸಿಟಿ ಬಸ್ಸಿನ ಕಂಬಿಯ ವಾಸನೆ. ನನ್ನ ಬೆರಳಿನ ಗಂಧ ಅವರ ಕೈಯಲ್ಲಿ ಹಳದಿಯಾಗಿ ಮೂಡಿತು.

ಭಾವನ ಮುಖದಲ್ಲಿ ನಿಜವಾದ ಗಾಬರಿ. "ಎಂತ ಮಾಡಿದ್ರಿ ಭಾವ! ಮಡಿ ಹೋಯ್ತಲ್ಲ ಮಾರಾಯ್ರೆ!"

"ನನ್ನದು ಹೋಯ್ತು," ಎಂದೆ. "ಅವಳದ್ದು ಉಂಟು."

ಅವರ ಕೈ ಬಿಡದೆಯೇ ಮುಂದುವರಿಸಿದೆ.

"ಅವಳು ಬೇಡ ಅಂತ ಹೇಳಿದ್ದಾಳೆ. ಕೇಳದೆ ಎತ್ತುವುದು ಬೇಡ ಭಾವ."

"ನಾನು ಎಂತ ಹೊರಗಿನವನಾ?"

"ಅಲ್ಲ. ಹೊರಗಿನವರಿಗೆ ಹೇಳ್ಲಿಕ್ಕೆ ನನಗೆ ಇಷ್ಟು ಕಷ್ಟ ಆಗ್ತಿರಲಿಲ್ಲ."

ಭಾವ ಕೈ ಬಿಡಿಸಿಕೊಂಡು ಜಗಲಿಗೆ ಹೋಗಿ ಕೂತರು. "ನಿಮಗೆ ಮರ್ಲಾ?" ಎಂದಳು ನನ್ನ ಹೆಂಡತಿ, ಕೆಸುವಿನ ಕಟ್ಟನ್ನು ಎದೆಗೆ ಒತ್ತಿಕೊಂಡು. ಹುಚ್ಚೇ ಇರಬಹುದು ಎಂದು ನನಗೂ ಅನಿಸಿತು.

ಅವರ ಮುನಿಸಿನ ಕತೆಯನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಮಧ್ಯಾಹ್ನ ಪತ್ರೊಡೆ ತಿಂದರು, ತಂಗಿಯೊಡನೆ ಮಾತ್ರ ಮಾತಾಡಿದರು, ಹೋದರು. ಎರಡು ತಿಂಗಳು ಫೋನಿಲ್ಲ. ನವರಾತ್ರಿಗೆ ಬಂದಾಗ ಗೇಟಿನಲ್ಲಿಯೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶರಣಾಗತರಾದವರ ಠೀವಿಯಲ್ಲಿ ನಡೆದು ಬಂದರು. ಇಳಾ ಬಹಳ ಹೊತ್ತು ನೋಡಿ, ಹಿಡಿದುಕೊಳ್ಳಲಿಕ್ಕೆ ಒಂದು ಬೆರಳು ಕೊಟ್ಟಳು. ಭಾವ ಅದನ್ನು ಹಿಡಿದುಕೊಂಡೇ ಕಾಫಿ ಕುಡಿದರು. ನನ್ನೊಡನೆ ಮಾತ್ರ ಈಗಲೂ ಒಮ್ಮೊಮ್ಮೆ, ಮಾತಿನ ನಡುವೆ, ತಮ್ಮ ಮಣಿಕಟ್ಟನ್ನು ಸುಮ್ಮನೆ ಉಜ್ಜಿಕೊಳ್ಳುತ್ತಾರೆ.

ಆ ಬೆಳಿಗ್ಗೆಗೆ ಮರಳುತ್ತೇನೆ. ದೇವರು ಅರ್ಧ ತೇಯ್ದ ಗಂಧದ ಎದುರು ಕಾಯುತ್ತಿದ್ದರು. ನಾನು ಮತ್ತೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಎರಡನೆಯ ಸಲದ ನೀರಿಗೆ ಬಿಸಿ ಇರಲಿಲ್ಲ. ಶೀಟಿನ ಮೇಲೆ ಮಳೆ ಬೀಳುತ್ತಿತ್ತು. ಮೊದಲ ಚೆಂಬು ಎತ್ತುವಾಗ ಬಾಗಿಲಿನ ಕೆಳಗಿನ ಸಂದಿಯಲ್ಲಿ ಎರಡು ಪುಟ್ಟ ಕಾಲಿನ ನೆರಳು ಕಂಡಿತು.

"ಅಜ್ಜ. ನಾನು ಒಳಗೆ ಬರುವುದಿಲ್ಲ. ಇಲ್ಲಿಂದಲೇ ಒಂದು ಹೇಳ್ಲಾ?"

ಚೆಂಬನ್ನು ಸದ್ದಾಗದಂತೆ ಬಾಲ್ದಿಯ ಅಂಚಿಗೆ ಇಟ್ಟೆ. "ಹೇಳು ಮಗಾ."

"ನಿನ್ನೆ ಸಮುದ್ರ ಮತ್ತೆ ಬಂದಿತ್ತು. ಬಸ್‌ಸ್ಟ್ಯಾಂಡಿಗೆ ಅಲ್ಲ. ನಮ್ಮ ಗೇಟಿಗೆ."

"ದೊಡ್ಡದಾ?"

"ತೆಂಗಿನಮರದಷ್ಟು. ಒಳಗೆ ಬರಬಹುದಾ ಅಂತ ಕೇಳಿತು."

"ನೀನು ಎಂತ ಹೇಳಿದೆ?"

"ಇವತ್ತು ಬೇಡ, ನಾಳೆ ಬಾ ಅಂದೆ."

"ಅದು ಎಂತ ಮಾಡಿತು?"

"ಆಯ್ತು ಅಂತ ಹೇಳಿ ಹೋಯಿತು."

ಮಳೆ ಒಂದು ಉಸಿರಿನಷ್ಟು ಹೊತ್ತು ನಿಂತ ಹಾಗಾಯಿತು.

"ನಾಳೆ ಬರ್ತದಾ ಹಾಗಾದ್ರೆ?" ಎಂದು ಕೇಳಿದೆ.

"ಬಂದ್ರೆ ಹೇಳ್ತೇನೆ. ನೀವು ಬೇಗ ಸ್ನಾನ ಮಾಡಿ ಅಜ್ಜ, ನಾನು ನನ್ನ ಟೈಲ್ಸಿನಲ್ಲಿ ಇರ್ತೇನೆ."

ಸ್ನಾನ ಮಾಡಿದೆ. ಹಗ್ಗದ ಮೇಲೆ ಉಳಿದಿದ್ದದ್ದು ಅರ್ಧ ಒಣಗಿದ ಒಂದೇ ಪಂಚೆ. ಕೋಲಿನಲ್ಲಿ ಇಳಿಸಿ, ಅದನ್ನೇ ಉಟ್ಟೆ.